ಮೊದಲ ಪುಟದಲ್ಲಿದ್ದ ಹೆಸರು

ಮೊನ್ನೆ ಅಂಕೋಲೆಯ ಪೇಟೆಯಲ್ಲಿ ಒಬ್ಬಳು ಒಣಗಿದ ಸುರಗಿ ಹೂವಿನ ದಂಡೆ ಮಾರುತ್ತ ಕೂತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹೂವಿನ ವಾಸನೆಗೆ ಸಿಟ್ಟಾಗುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ, ಕೋಡಿಬಾಗದ ನೆರೆಮನೆಯ ಅಕ್ಕ ತನ್ನ ಕಾದಂಬರಿಯ ಹಾಳೆಗಳ ನಡುವೆ ಇಡುತ್ತಿದ್ದದ್ದು ಇದೇ ಹೂವನ್ನು…

ನಾನು ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದದ್ದು ಮೂವತ್ತರ ದಶಕದಲ್ಲಿ. ಅಕ್ಕ ನನಗಿಂತ ತುಸು ದೊಡ್ಡವಳು. ಅವಳ ತವರು ಅಂಕೋಲೆಯ ಕಡಲತಡಿಯ ಕೇಣಿ. ದೋಣಿ ದಡಕ್ಕೆ ಬರುವುದನ್ನು ಕಾಯುತ್ತ ನಿಂತ ಮೀನು ಮಾರುವ ಹೆಂಗಸರ ಜಗಳ, ತಮಾಷೆ, ಸಂಕಟ ಎಲ್ಲ ನೋಡಿ ಬೆಳೆದವಳು. ಅದನ್ನೇ ಬರೆದಳು. ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಕೂತು ನನಗೆ ಓದಿ ಹೇಳುತ್ತಿದ್ದಳು. ಮೊರದಲ್ಲಿದ್ದ ಅಕ್ಕಿ ಹಾಗೇ ಉಳಿಯುತ್ತಿತ್ತು.

ಬರೆದು ಮುಗಿದ ಮೇಲೆ ಮೊದಲ ಪುಟದಲ್ಲಿ ಹೆಸರು ಹಾಕಬೇಕಲ್ಲ. ನಮ್ಮ ಕಡೆ ಹೆಂಗಸಿನ ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಇರಲೇಬೇಕು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿರಲಿ, ಕೈಯಲ್ಲಿ ಬರೆಯಲೂ ಬಾರದು ಎಂದು ನಂಬಿದವಳು ಅಕ್ಕ. ಮದುವೆಯ ದಿನ ಗಂಡನ ಮನೆಯವರು ಇಟ್ಟ ಹೊಸ ಹೆಸರೂ ಅವಳಿಗೆ ಬೇಡವಾಗಿತ್ತು. ತವರಲ್ಲಿ ಕರೆಯುತ್ತಿದ್ದ ಹೆಸರೊಂದನ್ನೇ ಬರೆದಳು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗಂಡ ಹಾಳೆಗಳ ಕಟ್ಟಿನ ಮೇಲೆ ತಮ್ಮ ವಿಳಾಸ ಬರೆದು ಘಟ್ಟದ ಮೇಲಿನ ಪ್ರಕಾಶಕರಿಗೆ ಕಳಿಸಿಕೊಟ್ಟರು.

ಕೆಲವು ತಿಂಗಳಾದ ಮೇಲೆ ಆ ಪ್ರಕಾಶಕ ಮಹಾಶಯರು ಕೋರ್ಟಿನ ಕೆಲಸಕ್ಕೆಂದು ಕಾರವಾರಕ್ಕೆ ಬಂದವರು ಅಕ್ಕನ ಮನೆಗೂ ಬಂದರು. ನಾನು ಅಡುಗೆಮನೆಯಲ್ಲಿ ಅಕ್ಕನ ಜೊತೆಗಿದ್ದೆ. ಅವಳು ಮಾಡಿಕೊಟ್ಟ ಕೋಕಂ ಶರಬತ್ತು ಕುಡಿಯುತ್ತ ಮಹಾಶಯರು ಅವಳ ಗಂಡನನ್ನು ಹೊಗಳಿದ್ದೇ ಹೊಗಳಿದ್ದು. ಬರೆದದ್ದು ತಾನಲ್ಲ, ಹೆಂಡತಿ ಎಂದು ಗಂಡ ಹೇಳಿದರು. ಅಷ್ಟರಮಟ್ಟಿಗೆ ಪುಣ್ಯಾತ್ಮರೇ. ಮಹಾಶಯರು ನಕ್ಕುಬಿಟ್ಟರು. ಮೊದಲ ಪುಟದಲ್ಲಿದ್ದದ್ದು ಯಜಮಾನರ ಕಾವ್ಯನಾಮ ಎಂದುಕೊಂಡಿದ್ದರಂತೆ! ಮರ್ಯಾದಸ್ಥರ ಮನೆಯ ಹೆಂಗಸು ಮೀನುಪೇಟೆಯ ಮಾತು ಬರೆದಳೆಂದರೆ ಜನ ಏನೆಂದಾರು, ಯಜಮಾನರ ಹೆಸರಿದ್ದರೆ ಅಚ್ಚು ಹಾಕುವುದು, ಇಲ್ಲದಿದ್ದರೆ ಇಕೊಳ್ಳಿ ಎಂದು ಕಟ್ಟನ್ನು ಮುಂದಿಟ್ಟರು.

ಗಂಡ ಒಳಗೆ ಬಂದು ದನಿ ತಗ್ಗಿಸಿ ಅಂದರು, "ನಂದು ನಿಂದು ಅಂತ ಬೇರೆ ಎಂತ ಅದೆ? ಹೆಸರು ಮನೇಲೇ ಉಳೀತದಲ್ಲ."

ಅಕ್ಕ ತಿರುಗಿ ಶರಬತ್ತಿನ ಪಾತ್ರೆ ತೊಳೆಯತೊಡಗಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಅವರು ಹೊರಗೆ ಹೋಗಿ ತಲೆಯಾಡಿಸಿದರು. ಇವತ್ತಿಗೂ ನನ್ನ ಮೈ ಉರಿಯುತ್ತದೆ. ಯಾರ ಮನೆ? ಹೊಸಿಲು ದಾಟುವಾಗಲೇ ಅವಳ ಹೆಸರು ಕಿತ್ತುಕೊಂಡ ಮನೆಯಲ್ಲವೇ ಅದು!

ಪುಸ್ತಕ ಬಂತು. ಒಂದು ಅರಿಶಿನ ಕುಂಕುಮದಲ್ಲಿ ಅದು ಕೈಯಿಂದ ಕೈಗೆ ದಾಟಿತು. ಗಂಡನ ಹೆಸರು ಹೇಳೆಂದು ಮದುವಣಗಿತ್ತಿಯನ್ನು ಗೋಳು ಹೊಯ್ದುಕೊಳ್ಳುವಂತೆ ಹೆಂಗಸರೆಲ್ಲ ಸೇರಿ, ಬರೆದವರ ಹೆಸರು ಹೇಳಿದರೇ ಕುಂಕುಮ ಎಂದು ಅಕ್ಕನನ್ನು ಕಾಡಿದರು. ಅವಳು ತಲೆ ತಗ್ಗಿಸಲಿಲ್ಲ.

"ಇದ್ರಲ್ಲಿದ್ದ ಹೆಸರು ನಾ ಹೇಳೂಕೆ ಆಗೂದಿಲ್ಲ. ನನ್ನ ಹೆಸರು ಹೇಳಿದ್ರೆ ನೀವು ನಂಬೂದಿಲ್ಲ."

ನಾಚಿಕೆಯಿಂದ ಹಾಗೆ ಅಂದಳೆಂದು ಎಲ್ಲರೂ ಇನ್ನೂ ಜೋರಾಗಿ ನಕ್ಕರು. ನನಗೆ ಅಲ್ಲಿದ್ದ ಅರಿಶಿನದ ಬಟ್ಟಲನ್ನು ಎತ್ತಿ ಒಗೆಯಬೇಕೆನಿಸಿತ್ತು.

ಅಕ್ಕ ಮತ್ತೆ ಬರೆಯಲಿಲ್ಲ. ಗಂಡನಿಗೆ ಊರಿನವರು ಸಭೆ ಮಾಡಿ ಶಾಲು ಹೊದಿಸಿದರು. ಈಗ ಇಬ್ಬರೂ ಇಲ್ಲ…

ಸುರಗಿ ದಂಡೆ ಕೊಂಡು ತಂದೆ. ಮೇಜಿನ ಮೇಲಿದೆ. ಈ ಲೇಖನದಲ್ಲಾದರೂ ಅವಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಬಿಡಬೇಕೆಂದು ಹಟ ಹಿಡಿದು ಕೂತೆ. ಅವಳ ಕೈಬರಹದ ಮೊದಲ ಪುಟದಲ್ಲಿ ಅದನ್ನು ನೋಡಿದ್ದೆ. ಆದರೆ ನಾನು ಕರೆದದ್ದು ಯಾವಾಗಲೂ ಅಕ್ಕ ಎಂದೇ. ಕೇಣಿಗೂ ಹೋಗಿ ವಿಚಾರಿಸಿದೆ, ತವರಿನವರು ಯಾರೂ ಉಳಿದಿಲ್ಲ. ಹೂವು ಒಣಗಿದರೂ ವಾಸನೆ ಹಾಗೇ ಇದೆ. ಹೆಸರು ಮಾತ್ರ ನೆನಪಿಗೆ ಬರುತ್ತಿಲ್ಲ.