ಕೀಲಿಗೆ ಜ್ವರ ಬರುವುದಿಲ್ಲ

“ಕೀಲಿಗೆಲ್ಲಿ ಜ್ವರ ಬರ್ತೈತ್ರಿ, ಸಾಹೇಬ್ರ?” ಮೊರಬ ಊರಿನ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದರು.

ಮನೆಮನೆಯ ಮಲೇರಿಯಾ ಸಮೀಕ್ಷೆಯ ಅಂಕಿಅಂಶ ನೋಡುವುದು ನನ್ನ ಕೆಲಸ. ಅವರ ಓಣಿಯಲ್ಲಿ ಎರಡು ತಿಂಗಳಿಂದ ಒಂದೂ ಜ್ವರವಿಲ್ಲ ಎನ್ನುತ್ತಿತ್ತು ನಮ್ಮ ಪಟ್ಟಿ. ಹಿಗ್ಗಿನಿಂದ ಬಂದು, ಗುಟ್ಟೇನೆಂದು ಕೇಳಿದ್ದೆ.

“ನಿಮ್ಮವ್ರು ಮನೀಗೆ ಬರೂದು ಹನ್ನೊಂದಕ್ಕ. ನಾವು ಎಂಟಕ್ಕ ಕೀಲಿ ಹಾಕಿ ಇಲ್ಲಿರ್ತೀವಿ. ಅವ್ರು ಕೀಲಿ ನೋಡಿ ಜ್ವರ ಇಲ್ಲಂತ ಬರ್ಕೊಂಡು ಹೋಗ್ತಾರ. ಅಕೀನ್ನ ನೋಡ್ರಿ.”

ಬಾಜು ಸಾಲಿನಲ್ಲಿ ಅವರ ಸೊಸೆ ಬಿಸಿಲಲ್ಲೂ ಕಂಬಳಿ ಹೊದ್ದು ನಡುಗುತ್ತಾ ಹತ್ತಿ ಬಿಡಿಸುತ್ತಿದ್ದರು. ನನ್ನ ಜೊತೆಗಿದ್ದ ನರ್ಸ್ ಬದುವಿನ ಮೇಲೆಯೇ ರಕ್ತ ಪರೀಕ್ಷಿಸಿದರು. ಮಲೇರಿಯಾ ಇತ್ತು, ಗುಳಿಗೆ ಅಲ್ಲೇ ಶುರುವಾಯಿತು.

ಈಗ ನಮ್ಮವರು ಏಳಕ್ಕೇ ಓಣಿಗೆ ಹೋಗುತ್ತಾರೆ. ಪಟ್ಟಿಯಲ್ಲಿ ಸೊನ್ನೆ ಕಂಡರೆ ನಾನು ಮೊದಲು ಕೇಳುವುದು ಒಂದೇ: ಬಾಗಿಲು ತೆರೆದಿತ್ತೇನು?