ಉಡಿ ಒಯ್ಯುವ ಸಮುದ್ರ

ಹುನಗುಂದದ ಬಸ್ ನಿಲ್ದಾಣದ ಎದುರು ಕ್ರೂಸರ್ ಗಾಡಿ ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುವ ಹುಲ್ಲಪ್ಪನಿಗೆ ಸಿಟ್ಟು ಬರಿಸುವುದು ಬಹಳ ಸುಲಭ. "ಎಲ್ಲಾ ಸಮುದ್ರ ಒಂದ ಅಲ್ಲೇನೋ, ಯಾವುದಕ್ಕರ ಕರಕೊಂಡು ಹೋಗು" ಅಂದರೆ ಸಾಕು, ಚಹಾದ ಕಪ್ಪು ಅಲ್ಲೇ ಕುಕ್ಕಿ ಎದ್ದು ನಿಲ್ಲುತ್ತಾನೆ.

"ನಿನ್ನ ಮಗಳಿಗೆ ವರಾ ನೋಡೂಮುಂದ ಎಲ್ಲಾ ಗಂಡಸ್ರೂ ಒಂದ ಅಂತ ನೋಡಿದಿ ಏನಲೇ?"

ಕುರುಬರ ಮನೆಯಲ್ಲಿ ಹುಟ್ಟಿ, ಸಾಲಿ ಅರ್ಧಕ್ಕೆ ಬಿಟ್ಟು, ಮೀಸೆ ಬರುವ ತನಕ ಕುರಿ ಹಿಂದೆ ತಿರುಗಿದವನು. ಯಾವ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಬೇಕು, ಎಲ್ಲಿ ನೆರಳು, ಎಲ್ಲಿ ನೀರು ಎಂದು ಹುಡುಕುವ ಕಣ್ಣು ಸ್ಟೇರಿಂಗ್ ಹಿಡಿದ ಮೇಲೂ ಹೋಗಲಿಲ್ಲ. ಒಮ್ಮೆ ಹಿರಿಯ ಹೆಣ್ಣುಮಕ್ಕಳನ್ನು ಗೋವಾಕ್ಕೆ ಒಯ್ದ. ಅಲ್ಲಿಯ ಅರೆಬತ್ತಲೆ ಮಂದಿಯನ್ನು ನೋಡಿ ಅವರು ದಿನವೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತರು. ಇನ್ನೊಂದು ಕಡೆ ಒಯ್ದರೆ ದಾರಿ ತುಂಬ ಅಂಗಡಿ. ಬಳೆ, ಪ್ಲಾಸ್ಟಿಕ್ ಬುಟ್ಟಿ ಕೊಳ್ಳುವುದರಲ್ಲೇ ಹೊತ್ತು ಮುಳುಗಿತು. ಗಾಡಿ ಹತ್ತುವಾಗ ಒಬ್ಬಳು, "ಸಮುದ್ರ ಯಾವಾಗ ಬರ್ತೈತೋ ಯಪ್ಪಾ?" ಎಂದು ಕೇಳಿದಳು.

ಇವೆಲ್ಲ ಸಣ್ಣ ತಾಪತ್ರಯ. ದೊಡ್ಡ ತಾಪತ್ರಯ ಉಡಿಯದು.

ನಮ್ಮ ಕಡೆಯ ಹೆಣ್ಣುಮಕ್ಕಳು ನೀರು ಕಂಡರೆ ಬರಿಗೈಲಿ ನಿಲ್ಲುವವರಲ್ಲ. ಗುಳೇದಗುಡ್ಡದ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಸಣ್ಣ ಬಿದಿರಿನ ಮೊರದಲ್ಲಿ ಇಟ್ಟು ಗಂಗವ್ವನ ಉಡಿ, ಅಂದರೆ ಮಡಿಲು, ತುಂಬಿ ನೀರಿಗೆ ಬಿಡುತ್ತಾರೆ. ಕೃಷ್ಣೆಯೋ ಮಲಪ್ರಭೆಯೋ ಅದನ್ನು ಕಣ್ಣ ಮುಂದೆಯೇ ಒಯ್ಯುತ್ತದೆ. ಹೊಳೆಯ ಬುದ್ಧಿಯೇ ಹಾಗೆ, ಕೊಟ್ಟದ್ದನ್ನು ತೆಗೆದುಕೊಂಡು ಮುಂದೆ ಹೋಗುವುದು. ಸಮುದ್ರ ಹಾಗಲ್ಲ. ನಮ್ಮ ಕಡೆಯದೇ ಶಿರೂರಿನ ಒಂದು ಕುಟುಂಬ ಬಿಟ್ಟ ಉಡಿಯನ್ನು ತೆರೆ ಎತ್ತಿ ತಂದು ದಂಡೆಗೆ ಒಗೆದಿತ್ತು. ಗಂಗವ್ವ ಒಲ್ಲೆ ಅಂದಳು ಎಂದು ಅವರು ಬುತ್ತಿ ಬಿಚ್ಚದೆ, ಊರು ಮುಟ್ಟುವ ತನಕ ಕಣ್ಣೀರು ಹಾಕಿದ್ದರು.

ಹೀಗಿರುವಾಗ ಮರೋಳದಿಂದ ಹುಲ್ಲಪ್ಪನ ಅತ್ತೆ ಸಾವಂತ್ರವ್ವ ಹೇಳಿ ಕಳಿಸಿದಳು. ಏತ ನೀರಾವರಿ ಕಾಲುವೆಯ ನೀರು ತನ್ನ ಹೊಲ ಮುಟ್ಟಿದರೆ ಹೊಳೆಗಳೆಲ್ಲ ಹೋಗಿ ಕೂಡುವ ದೊಡ್ಡ ಗಂಗವ್ವನಿಗೇ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ನೀರು ಬಂದಿತ್ತು. ಆಕೆ ಸಮುದ್ರವನ್ನು ಚಿತ್ರದಲ್ಲಿ ಕೂಡ ಸರಿಯಾಗಿ ನೋಡಿದವಳಲ್ಲ. ಆಕೆಯ ಉಡಿ ತಿರುಗಿ ಬಂದರೆ? ಆ ಮುದುಕಿಯ ಎದೆ ಒಡೆಯುತ್ತದೆ ಎಂದು ಹುಲ್ಲಪ್ಪನಿಗೆ ನಿದ್ದೆ ಹತ್ತದಾಯಿತು.

ಇಲಕಲ್ಲಿನ ಅಹ್ಮದಸಾಬನೂ ಗಾಡಿ ಹೊಡೆಯುವವನೇ, ಹಳೆಯ ಗೆಳೆಯ. ಕೇಳಿ ನಕ್ಕ.

"ಹೊಳಿ ಹೋಗಿ ಸಮುದ್ರ ಕೂಡೋ ಬಾಯಾಗ ಬಿಡಸಲೇ. ಸಮುದ್ರದ ನೀರು ಇಳಿಯೋ ಹೊತ್ತನ್ಯಾಗ ಹೊಳಿ ತಾನ ದೂಡಿಕೊಂಡು ಹೋಗ್ತೈತಿ. ಆದ್ರ ಸಿಟ್ಟಿನ್ಯಾಗ ಅತ್ತಿನ್ನೂ ಕೂಡೇ ಬಿಟ್ಟು ಬಂದಿ, ಹುಷಾರಿ!"

"ನಿನ್ನ ಬಿಟ್ಟು ಬರ್ತೇನಿ ನೋಡ ಮಗನ!" ಅಂದರೂ ಮಾತು ಹುಲ್ಲಪ್ಪನ ತಲೆಗೆ ಹತ್ತಿತು. ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗ ಆತ ಬಲ್ಲ. ಅಂಗಡಿ ಇಲ್ಲ, ಗದ್ದಲ ಇಲ್ಲ, ಬುತ್ತಿ ಬಿಚ್ಚಲು ಗಾಳಿಮರದ ನೆರಳಿದೆ. ಅಲ್ಲಿಯ ಪರಿಚಯದ ದೋಣಿಯವನಿಗೆ ಫೋನು ಹಚ್ಚಿದ. ಮಧ್ಯಾಹ್ನದೊಳಗೆ ಬಂದರೆ ನೀರು ಇಳಿಯುತ್ತಿರುತ್ತದೆ, ಆಮೇಲೆ ಏರುತ್ತದೆ ಎಂದನವ.

ನಸುಕಿನಲ್ಲಿ ಹೊರಟರು. ಸಾವಂತ್ರವ್ವ, ಆಕೆಯ ಮಗಳು ಅಂದರೆ ಹುಲ್ಲಪ್ಪನ ಹೆಂಡತಿ ಮಹಾದೇವಿ, ಪಕ್ಕದ ಮನೆಯ ರಂಗವ್ವ. ಯಲ್ಲಾಪುರ ದಾಟುವ ತನಕ ಎಲ್ಲ ಸುಸೂತ್ರ. ಘಟ್ಟ ಇಳಿಯುವಾಗ ರಂಗವ್ವನ ಹೊಟ್ಟೆ ತೊಳಸತೊಡಗಿತು. ತಿರುವಿಗೊಮ್ಮೆ ಗಾಡಿ ನಿಲ್ಲಿಸಬೇಕು, ಲಿಂಬೆಹಣ್ಣು ಮೂಸಿಸಬೇಕು.

"ರಂಗವ್ವಾ, ಎಲ್ಲಾ ವಾಂತಿ ಒಂದ ಕಡೆ ಮಾಡಿ ಮುಗಸ್ಬೇ!"

"ರಸ್ತೆದ ಸೊಂಟಾ ಮುರದು ಇಟ್ಟಾರಲ್ಲೋ, ನನಗ್ಯಾಕ ಬೈತಿ?"

ದಂಡೆಗೆ ಬಂದಾಗ ಹೊತ್ತು ವಾಲಿತ್ತು. ಗಾಳಿಮರಗಳ ಸಾಲು ದಾಟಿದ್ದೇ ತಡ, ಮೂವರೂ ನಿಂತುಬಿಟ್ಟರು. ರಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಕೇಳಿದಳು, "ಆಚಿ ದಂಡಿಗೆ ಯಾವ ಊರೋ ಹುಲ್ಲಪ್ಪಾ?"

ಹುಲ್ಲಪ್ಪನ ಲಕ್ಷ್ಯ ಅಲ್ಲಿರಲಿಲ್ಲ. ದೋಣಿಯವನು ಓಡಿ ಬಂದು, "ತಡ ಆಯ್ತು ಮಾರಾಯ, ನೀರು ಏರ್ಲಿಕ್ಕೆ ಶುರುವಾಗಿದೆ" ಎಂದು ಪಿಸುಗುಟ್ಟಿದ್ದ. ಹುಲ್ಲಪ್ಪನ ನೆತ್ತಿ ಕಾಯಿತು. ರಂಗವ್ವನ ಮೇಲೆ, ಘಟ್ಟದ ಮೇಲೆ, ಕೊನೆಗೆ ಸಮುದ್ರದ ಮೇಲೇ ಸಿಟ್ಟು.

"ಮೊದಲ ಊಟ ಮಾಡ್ರಿ. ಸ್ವಲ್ಪ ಮಲಗ್ರಿ. ಉಡಿ ನಾಳೆ ಮುಂಜಾನೆ ತುಂಬಿದ್ರಾತು."

"ಗಂಗವ್ವನ ಎದುರಿಗೆ ನಿಂತು ನಾ ಮೊದಲ ಉಣ್ಣಲೇನಪ್ಪಾ?" ಅಂದಳು ಸಾವಂತ್ರವ್ವ. "ಮಾದೇವಿ, ಮೊರ ತಗೋ. ಇಳಿ ನೀರಿಗೆ."

ಗಂಡ ತೀರಿದ ಮೇಲೆ ಉಡಿ ತುಂಬುವ ಕೆಲಸಕ್ಕೆ ಆಕೆ ತಾನಾಗಿಯೇ ಕೈ ಹಚ್ಚುತ್ತಿರಲಿಲ್ಲ. ಅದಕ್ಕೇ ಮಗಳನ್ನು ಕರೆತಂದಿದ್ದಳು. ತಾನು ಹಿಂದೆ ಸರಿದು, ಒದ್ದೆ ಉಸುಕಿನ ಮೇಲೆ ಕೈ ಮುಗಿದು ನಿಂತಳು.

ಮಹಾದೇವಿ ಮೊಳಕಾಲುದ್ದ ನೀರಿನಲ್ಲಿ ನಿಂತು ಕುಂಕುಮ ಏರಿಸಿ ಮೊರ ಬಿಟ್ಟಳು. ಸ್ವಲ್ಪ ದೂರ ಹೋಯಿತು. ಆಗ ಒಂದು ತೆರೆ ಎದ್ದು ಮೊರವನ್ನು ಎತ್ತಿಕೊಂಡು, ಮಹಾದೇವಿಯ ಪಕ್ಕದಲ್ಲೇ ಹಾಯ್ದು, ಹಿಂದೆ ನಿಂತಿದ್ದ ಸಾವಂತ್ರವ್ವನ ಪಾದದ ಮೇಲೆ ಮೆತ್ತಗೆ ಇಳಿಸಿ ಹೋಯಿತು.

"ಅಯ್ಯ ಶಿವನ!" ಅಂದಳು ರಂಗವ್ವ.

ಹುಲ್ಲಪ್ಪ ಮುಖ ತಿರುಗಿಸಿ ಗಾಡಿಯ ಗಾಲಿ ನೋಡುತ್ತ ನಿಂತ. ಅಳು ಕೇಳಿಸಲಿಲ್ಲ. ಮೆಲ್ಲಗೆ ತಿರುಗಿದ. ಸಾವಂತ್ರವ್ವ ಬಗ್ಗಿ ಮೊರವನ್ನೇ ನೋಡುತ್ತಿದ್ದಳು.

"ಮಾದೇವಿ, ಇದು ನಿನ್ನ ಕಡೆ ಬರಲಿಲ್ಲಲಾ?"

"ಇಲ್ಲಬೇ. ನನ್ನ ದಾಟಿ ಬಂತು."

"ಹೌದಲ್ಲ ಮತ್ತ." ಮುದುಕಿ ಉಸುಕಿನಲ್ಲಿ ಮಂಡಿಯೂರಿ, ಇಲಕಲ್ ಸೀರೆಯ ಸೆರಗು ಒಡ್ಡಿ, ತೊಯ್ದ ಖಣ, ಕೊಬ್ಬರಿ, ಉಳಿದ ಅಕ್ಕಿ ಎಲ್ಲ ಒಂದೊಂದಾಗಿ ಅದರೊಳಗೆ ಹಾಕಿಕೊಂಡಳು. "ನಿಮ್ಮಪ್ಪ ಹೋದಮ್ಯಾಲೆ ಯಾರೂ ನನ್ನ ಉಡಿ ತುಂಬಿಲ್ಲ. ಎಲ್ಲಾರ ಮದವ್ಯಾಗೂ ನಾ ಮೂಲಿ ಹಿಡದು ಕುಂತಾಕಿ. ಈ ಗಂಗವ್ವಗ ಅದೇನೂ ಗೊತ್ತಿಲ್ಲ ನೋಡು!"

"ಮತ್ತ ನಿನ್ನ ಹರಕಿ?" ರಂಗವ್ವ ಬಿಡಲಿಲ್ಲ.

"ನಾ ಕೊಟ್ಟೆ, ಆಕಿ ಮುಟ್ಟಿದ್ಲು, ತಿರುಗಿ ಕೊಟ್ಲು. ಬೀಗರ ಮನಿ ಬುಟ್ಟಿ ನಾವೇನ ಬರೇದ ತಿರುಗಿ ಕಳಸ್ತೀವೇನ?" ಅಳಿಯನ ಕಡೆ ತಿರುಗಿದ ಆಕೆಯ ಮುಖದ ತುಂಬ ನಗು. "ಭೇಷಿ ಜಾಗಾ ನೋಡೀದಿಯಪ್ಪಾ ಹುಲ್ಲಪ್ಪಾ."

ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದವನು ಬುತ್ತಿಯ ಗಂಟಿಗೆ ಕೈ ಹಾಕಿದ. "ಊಟಾ ಮಾಡ್ರಿ ಮೊದಲ, ರೊಟ್ಟಿ ತುಂಬ ಉಸುಕು ಬಿತ್ತು!" ಎಂದು ಒದರಿದ. ಆಮೇಲೆ ಗಾಡಿಯ ಹಿಂದೆ ಹೋಗಿ ಟವಲಿನಿಂದ ಮುಖ ಒರೆಸಿಕೊಂಡ.

ಸುದ್ದಿ ಮರೋಳ ಮುಟ್ಟಲು ತಡವಾಗಲಿಲ್ಲ. ಮುಂದಿನ ವಾರವೇ ಸಾವಂತ್ರವ್ವನ ಓಣಿಯಿಂದ, ಅದರಾಚೆಯ ಓಣಿಯಿಂದ, ಮದುವೆಮನೆಯ ಮೂಲೆಯಲ್ಲಿ ಕೂತು ಕೂತು ಬೇಸತ್ತ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಹುಲ್ಲಪ್ಪನ ಮನೆಯ ಕಟ್ಟೆ ಹಿಡಿದರು. ಗಾಡಿ ಸಾಲದೆ ಅಹ್ಮದಸಾಬನದನ್ನೂ ಕರೆಸಬೇಕಾಯಿತು. ಹುಲ್ಲಪ್ಪ ಬಸ್ ನಿಲ್ದಾಣದ ಎದುರು ನಿಂತು ದೋಣಿಯವನಿಗೆ ಮತ್ತೆ ಫೋನು ಹಚ್ಚಿದ. ಅವನು ಪಾಪ, ನೀರು ಇಳಿಯುವ ಹೊತ್ತನ್ನು ಬಹಳ ಕಾಳಜಿಯಿಂದ ಹೇಳತೊಡಗಿದ.

"ಇಳಿಯೋದು ಯಾರು ಕೇಳ್ಯಾರಲೇ?" ನಿಲ್ದಾಣದವರೆಲ್ಲ ತಿರುಗಿ ನೋಡುವಂತೆ ಹುಲ್ಲಪ್ಪ ಗುಡುಗಿದ. "ಏರೋ ಹೊತ್ತು ಹೇಳು, ಏರೋದು!"