ಆ ವರ್ಷ ಕಡಲೆಗೆ ಮೋಟಾರು ಬರಲಿಲ್ಲ

ಕಾಕಾ ಮತ್ತು ನಾನು ಸೇರಿ ಅಣ್ಣಿಗೇರಿಯಲ್ಲಿ ಎಣ್ಣೆ ಪಂಪು ಜೋಡಿಸುವ ಶೆಡ್ಡು ಹಾಕಿದಾಗ ಮನೆಯಲ್ಲಿ ಯಾರಿಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ನಮ್ಮ ಕಡೆ ಎಣ್ಣೆ ಎಂದರೆ ಬೆಳೆಗೆ ಹೊಡೆಯುವ ಔಷಧ. ಬೆನ್ನಿಗೆ ಹೊತ್ತುಕೊಂಡು ಹೊಡೆಯುವ ಬ್ಯಾಟರಿ ಪಂಪುಗಳನ್ನು ನಾವು ಜೋಡಿಸುತ್ತಿದ್ದೆವು. ಅಜ್ಜ ಕುರಿ ಕಾದವರು, ಅಪ್ಪ ಒಕ್ಕಲುತನ ಮಾಡಿದವರು. ಅಪ್ಪನ ತಮ್ಮನಾದ ಈ ಕಾಕಾ ಮಾತ್ರ ಹರೆಯದಲ್ಲೇ ಹತ್ತಿ ಮಿಲ್ಲು ಸೇರಿ, ಫಿಟ್ಟರ್ ಆಗಿ, ಎದೆಯ ತುಂಬ ಹತ್ತಿಯ ಧೂಳು ತುಂಬಿಕೊಂಡು ಹೊರಬಂದಿದ್ದರು. ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಒಂದು ಅಂಗಡಿಯಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದ್ದೆ. ಅವರ ಕೈ, ನನ್ನ ಓದು. ಇಷ್ಟೇ ನಮ್ಮ ಬಂಡವಾಳ ಎಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು.

ಪಂಪಿನ ಡಬ್ಬಿ ಹುಬ್ಬಳ್ಳಿಯಿಂದ ಬರುತ್ತಿತ್ತು. ಬ್ಯಾಟರಿ, ಕೊಳವೆ, ಬೆನ್ನಿನ ಪಟ್ಟಿ ಎಲ್ಲವೂ ನಮ್ಮ ದೇಶದವೇ. ಒಳಗೆ ಕೂರುವ ಮುಷ್ಟಿಯಷ್ಟು ಮೋಟಾರು ಮಾತ್ರ ಚೀನಾದ್ದು. ಹುಬ್ಬಳ್ಳಿಯ ಇಬ್ಬರು ವ್ಯಾಪಾರಿಗಳ ಮಾಲಿನ ಜೊತೆ ನಮ್ಮ ನಾಲ್ಕು ಪೆಟ್ಟಿಗೆಗಳೂ ಹಡಗು ಹತ್ತಿ ಮುಂಬೈಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬರುತ್ತಿದ್ದವು. ಮೋಟಾರು ಮಾಡುವ ಚೀನಾದ ಕಾರ್ಖಾನೆಯಲ್ಲಿ ಹೊರದೇಶದ ವ್ಯವಹಾರ ನೋಡಿಕೊಳ್ಳುತ್ತಿದ್ದವಳು ಒಬ್ಬ ಹೆಂಗಸು. ಅವಳು ಅವಳ ಭಾಷೆಯಲ್ಲಿ ಬರೆದದ್ದನ್ನು ನನ್ನ ಫೋನು ಕನ್ನಡ ಮಾಡಿ ತೋರಿಸುತ್ತಿತ್ತು, ನಾನು ಬರೆದದ್ದನ್ನು ಅವಳ ಫೋನು ಚೀನೀ ಭಾಷೆಗೆ ತಿರುಗಿಸುತ್ತಿತ್ತು. ನಾನು ಪಠ್ಯಪುಸ್ತಕದ ಕನ್ನಡ ಬರೆದರೆ ಮಾತ್ರ ಫೋನಿಗೆ ಅರ್ಥವಾಗುತ್ತಿತ್ತು. ಒಮ್ಮೆ ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡು, "ಲಗೂನ ಕಳಸ್ರಿ, ನಮ್ಮ ಮಂದಿ ಬಾಗಲಾ ಕಾಯಾಕತ್ತಾರ" ಎಂದು ಹೇಳಿ ಕಳಿಸಿಬಿಟ್ಟರು. ಮರುದಿನ ಅವಳು, "ಸಹೋದರಿ, ನಿಮಗೆ ಬಾಗಿಲು ಕೂಡ ಬೇಕೇ? ನಾವು ಬಾಗಿಲು ತಯಾರಿಸುವುದಿಲ್ಲ" ಎಂದು ಕೇಳಿದ್ದಳು. ಆ ವಾರವೆಲ್ಲ ಕಾಕಾ ನಕ್ಕು ನಕ್ಕು ಕೆಮ್ಮಿದರು.

ನಾನು ಹೇಳಹೊರಟ ವರ್ಷ ದಸರೆಯ ಹೊತ್ತಿಗೆ ನೆಲದಲ್ಲಿ ಒಳ್ಳೆಯ ಹಸಿ ಇತ್ತು. ಎರೆ ಹೊಲಗಳಲ್ಲೆಲ್ಲ ಕಡಲೆ ಬಿತ್ತಿದರು. ಕಡಲೆ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಕೀಡಿ ಬೀಳುತ್ತದೆ. ಹಸಿರು ಹುಳು ಕಾಯಿಗೆ ತೂತು ಕೊರೆದು, ತಲೆಯನ್ನಷ್ಟೇ ಒಳಗಿಟ್ಟು ಕಾಳು ತಿನ್ನುತ್ತದೆ. ಆ ಎರಡು ಮೂರು ವಾರ ಎಲ್ಲರಿಗೂ ಪಂಪು ಒಮ್ಮೆಲೇ ಬೇಕು. ನಲವತ್ತು ಮಂದಿ ಮೊದಲೇ ಬಂದು, ನನಗೊಂದು ತೆಗೆದಿಡು ಎಂದು ಹೇಳಿ ಹೋಗಿದ್ದರು. ನಾನು ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟು ಮೋಟಾರಿನ ದಾರಿ ನೋಡುತ್ತಿದ್ದೆ.

ಬಂದದ್ದು ಸಂದೇಶ. "ಪ್ರಿಯ ಸಹೋದರಿ, ಆಕಾಶ ಇಲಾಖೆಯವರು ನಮ್ಮ ಓಣಿಯ ಬಾಗಿಲುಗಳಿಗೆ ಕಾಗದ ತಿನ್ನಿಸಿದ್ದಾರೆ. ಹೊಗೆ ಪಾಸಾಗಿಲ್ಲ. ಮೋಟಾರುಗಳು ನಿದ್ರಿಸುತ್ತಿವೆ. ದಯವಿಟ್ಟು ಕಾಯುವಿಕೆಯನ್ನು ಅನುಭವಿಸಿ."

ನಾಲ್ಕು ಸಲ ಓದಿದೆ. ಬಿಡಿಸಿ ಕೇಳಿದಾಗ ಗೊತ್ತಾದದ್ದಿಷ್ಟು: ಚಳಿಗಾಲಕ್ಕೆ ಮುಂಚೆ ಅಲ್ಲಿಯ ಸರಕಾರ ಹೊಗೆಯ ತಪಾಸಣೆಗೆ ಇಳಿದಿತ್ತು. ಮೋಟಾರಿನ ಹೊರಚಿಪ್ಪಿಗೆ ಬಣ್ಣ ಹಚ್ಚಿ ಬೇಯಿಸುವ ಭಟ್ಟಿಗಳು ಅದೇ ಓಣಿಯಲ್ಲಿದ್ದವು. ಭಟ್ಟಿಗಳಿಗೆಲ್ಲ ಬೀಗ ಬಿದ್ದಿತ್ತು. ಚಿಪ್ಪಿಲ್ಲದೆ ಮೋಟಾರಿಲ್ಲ. ಯಾವಾಗ ತೆರೆಯುತ್ತದೆ ಎಂದರೆ ಅವಳಿಗೂ ಗೊತ್ತಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಹಿಂದೊಮ್ಮೆ ದಿಲ್ಲಿಯ ದಲಾಲನೊಬ್ಬ ಹೀಗೆಯೇ ಹಡಗು ಕೆಟ್ಟಿದೆ ಎಂದು ಹೇಳಿ ನಮ್ಮ ಮಾಲನ್ನು ಬೇರೆಯವರಿಗೆ ಕೊಟ್ಟಿದ್ದ. ಸಿಟ್ಟಿನಲ್ಲಿ ಬರೆದೆ: "ನೀವು ಸುಳ್ಳು ಹೇಳುತ್ತಿದ್ದೀರಿ. ದೊಡ್ಡ ಗಿರಾಕಿಗೆ ಕೊಟ್ಟಿದ್ದೀರಿ. ಬಡವರ ಬೆಳೆ ಹಾಳಾದರೆ ಅದರ ಪಾಪ ನಿಮಗೆ."

ಅದಕ್ಕೆ ಅವಳು ಎರಡು ಫೋಟೋ ಕಳಿಸಿದಳು. ಒಂದರಲ್ಲಿ ಕಬ್ಬಿಣದ ಬಾಗಿಲು, ಅದಕ್ಕೆ ಅಡ್ಡಲಾಗಿ ಅಂಟಿಸಿದ ಮುದ್ರೆಯ ಕಾಗದ. ಇನ್ನೊಂದರಲ್ಲಿ ಅವಳ ಕಚೇರಿಯ ಕಿಟಕಿ. ಹೊರಗೆ ಎದುರುಮನೆಯೇ ಕಾಣದ ಹಾಗೆ ಬೂದು ಬಣ್ಣದ ಗಾಳಿ. ಅದು ಬೀಗ ಬೀಳುವ ಹಿಂದಿನ ದಿನ ತೆಗೆದದ್ದಂತೆ. ಕಾಕಾ ಆ ಎರಡನೆಯ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಖರೇನ ಹೇಳ್ಯಾಳ ಆಕಿ. ಇಂಥಾ ಗಾಳ್ಯಾಗ ಕುಂತು ಸುಳ್ಳ ಹೇಳೂ ತಾಕತ್ತ ಎಲ್ಲಿಂದ ಬರಬೇಕು?"

ಹುಬ್ಬಳ್ಳಿಯಲ್ಲಿ ವಿಚಾರಿಸಿದೆ. ದಿಲ್ಲಿಗೆ, ಅಹಮದಾಬಾದಿಗೆ ಫೋನು ಮಾಡಿದೆ. ಎಲ್ಲರ ಮೋಟಾರೂ ಅದೇ ಸೀಮೆಯಿಂದ ಬರುತ್ತಿದ್ದವು, ಎಲ್ಲರದೂ ನಿಂತಿತ್ತು. ಒಬ್ಬ ಮಾತ್ರ ತನ್ನಲ್ಲಿ ಇವೆ ಎಂದ. ಐದು ತಂದು ನೋಡಿದೆವು. ಕಾಕಾ ನೀರು ಹಾಕಿ ನಡೆಸಿದರು. ಹತ್ತು ನಿಮಿಷಕ್ಕೆ ಎರಡರ ಸಂದಿಯಿಂದ ನೀರು ಜಿನುಗಿತು.

"ಎಣ್ಣಿ ಬೆನ್ನ ಮ್ಯಾಲೆ ಸೋರತೈತಿ ಇದರಾಗ. ಇದನ್ನ ಹಾಕಿ ಕೊಟ್ರ ಮಂದಿ ಮಾರಿ ಹೆಂಗ ನೋಡೂದು?" ಎಂದು ಐದನ್ನೂ ಡಬ್ಬಕ್ಕೆ ಹಾಕಿ ವಾಪಸು ಕಳಿಸಿದರು.

ಇನ್ನು ಉಳಿದದ್ದು ಒಂದೇ. ಬಂದವರಿಗೆ ಇಲ್ಲ ಎಂದು ಹೇಳುವುದು. ನಾಳೆ ಬಾ, ನಾಡಿದ್ದು ಬಾ ಎಂದು ತಿರುಗಿಸಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಆದರೆ ಹೇಳುವ ಕೆಲಸವನ್ನು ಕಾಕಾ ನನ್ನ ಕೊರಳಿಗೆ ಕಟ್ಟಿ ತಾವು ಹಿಂದೆ ಹೋಗಿ ಸ್ಪ್ಯಾನರು ಒರೆಸುತ್ತ ಕುಳಿತರು.

ಮೊದಲು ಬಂದವಳು ಬೆಣ್ಣೆಹಳ್ಳದ ಆಚೆಯ ಊರಿನ ಹೆಣ್ಣುಮಗಳು. ಅರವತ್ತು ದಾಟಿದವಳು. ಗಂಡ ಹೋದ ಮೇಲೆ ಆರು ಎಕರೆ ತಾನೇ ಮಾಡುತ್ತಿದ್ದಳು, ಎಣ್ಣೆಯನ್ನೂ ತಾನೇ ಹೊಡೆಯುತ್ತಿದ್ದಳು. ಬಲಭುಜ ಮೇಲೇಳದೆ ಕೈಪಂಪು ಜಗ್ಗಲಾರದೆ ಬ್ಯಾಟರಿಯದು ಬೇಕೆಂದಿದ್ದಳು. ಟಂಟಂ ಆಟೋ ಇಳಿದು ಸೀದಾ ಒಳಗೆ ಬಂದು, "ಎಲ್ಲೈತಿ ನಂದು?" ಎಂದಳು.

"ಇಲ್ಲ ಬೇ ಯವ್ವಾ. ಮೋಟಾರ ಬಂದಿಲ್ಲ. ಚೀನಾದಾಗ ಹೊಗಿ ಬಾಳ ಆಗೈತಂತ ಸರಕಾರದವರು ಫ್ಯಾಕ್ಟರಿ ಬಂದ್ ಮಾಡ್ಯಾರ."

"ಚೀನಾದಾಗ ಹೊಗಿ ಆದ್ರ ನನ್ನ ಕಡ್ಲಿ ಕೀಡಿ ತಡೀತೈತೇನ?"

"ತಡಿಯಂಗಿಲ್ಲ."

"ಮತ್ತ ಯಾವಾಗ ಬರ್ತೈತಿ?"

"ಈ ಹಂಗಾಮಿಗೆ ಬರಂಗಿಲ್ಲ ಬೇ. ಸುಳ್ಳ ಹೇಳೂದಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಇಷ್ಟ ಹೇಳಿದೆಲಾ, ಚಲೋ ಆತು. ಮುಂದಿನ ದಾರಿ ಹುಡುಕಾಕ ಹತ್ತು ದಿನ ಸಿಕ್ಕಂಗಾತು. ನಮ್ಮ ಭಾವನ ಮನ್ಯಾಗ ಒಂದು ಬ್ಯಾಟರಿ ಪಂಪ ಸತ್ತು ಅಟ್ಟದ ಮ್ಯಾಲೆ ಬಿದ್ದೈತಿ. ಅದಕ್ಕ ಜೀವಾ ಬರ್ತೈತೇನ ನೋಡ್ತೀಯೇನ?"

ಹಿಂದಿನಿಂದ ಕಾಕಾನ ದನಿ ಬಂತು. "ತಾ ಬೇ. ನೋಡೂಣು."

ಅವಳು ಮರುದಿನವೇ ತಂದಳು. ಅದು ನಮ್ಮ ಪಂಪು ಕೂಡ ಅಲ್ಲ. ಕಾಕಾ ಮೋಟಾರನ್ನು ಬಿಚ್ಚಿ ನೆಲದ ಮೇಲೆ ಹಾಸಿದ ಗೋಣಿಚೀಲದ ಮೇಲಿಟ್ಟರು. ಸುರುಳಿ ಸುಟ್ಟಿರಲಿಲ್ಲ. ನಾನು ಮೀಟರು ಹಚ್ಚಿ ನೋಡಿದೆ, ಕರೆಂಟು ಸರಿಯಾಗಿ ಹರಿಯುತ್ತಿತ್ತು. ಕೆಟ್ಟದ್ದು ಒಂದೇ: ನೀರನ್ನು ಎಳೆದು ದೂಡುವ, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ರಬ್ಬರಿನ ಬಿಲ್ಲೆ. ಅದು ಹರಿದಿತ್ತು. ಹಳೆಯ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಸಂದಿಗಳಲ್ಲಿ ಕೂತಿತ್ತು.

"ಇಷ್ಟಕ್ಕ ಸತ್ತದ್ದು ಅಂದಿದ್ರಲ್ಲ" ಎಂದು ಕಾಕಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂಸಿನ ಹಾಗೆ ನೋಡಿದರು.

ಬಿಲ್ಲೆ ಸಿಗಬೇಕಲ್ಲ? ಚೀನಾದವರು ಮೋಟಾರು ಮಾರುತ್ತಿದ್ದರೇ ಹೊರತು ಬಿಡಿ ರಬ್ಬರು ಮಾರುತ್ತಿರಲಿಲ್ಲ. ಕಾಕಾ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರು. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಟ್ಟರೆ ಅದು ಉಬ್ಬಿ ಹಪ್ಪಳವಾಯಿತು. ಲಾರಿ ಟ್ಯೂಬಿಗೂ ಅದೇ ಗತಿ. ಮೂರನೆಯ ದಿನ ಅವರೇ ಹುಬ್ಬಳ್ಳಿಗೆ ಹೋಗಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಡೀಸೆಲ್ಲಿಗೆ ಜಗ್ಗದ ಕಪ್ಪು ರಬ್ಬರಿನ ಹಾಳೆ ತಂದರು. ಅದನ್ನು ನೆನೆಸಿಟ್ಟೆವು. ಬೆಳಿಗ್ಗೆ ತೆಗೆದರೆ ಇಟ್ಟ ಹಾಗೇ ಇತ್ತು. ಕಾಕಾ ಕಬ್ಬಿಣದ ಕೊಳವೆಯ ತುದಿಯನ್ನು ಮಸೆದು, ಸುತ್ತಿಗೆಯಿಂದ ಒಂದೇ ಏಟಿಗೆ ಒಂದು ಬಿಲ್ಲೆ ಬೀಳುವ ಹಾಗೆ ಅಚ್ಚು ಮಾಡಿದರು. ಪಂಪು ಬುರ್ರೆಂದು ನೀರು ಚಿಮ್ಮಿಸಿದಾಗ ಆ ಹೆಣ್ಣುಮಗಳು ತಾನೇ ಬೆನ್ನಿಗೇರಿಸಿಕೊಂಡು ಶೆಡ್ಡಿನ ಮುಂದಿನ ಬೇವಿನ ಗಿಡಕ್ಕೆಲ್ಲ ನೀರು ಹೊಡೆದಳು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು.

ನಲವತ್ತು ಮಂದಿಗೂ ಸುದ್ದಿ ಕಳಿಸಿದೆ: ಹೊಸದು ಇಲ್ಲ, ನಿಮ್ಮೂರಲ್ಲಿ ಸತ್ತು ಬಿದ್ದ ಪಂಪು ಇದ್ದರೆ ತನ್ನಿ, ಯಾರದಾದರೂ ಸರಿ. ಅಟ್ಟದಿಂದ, ದನದ ಕೊಟ್ಟಿಗೆಯಿಂದ, ಬಣವೆಯ ಸಂದಿಯಿಂದ ಪಂಪುಗಳು ಬಂದವು. ಯಮನೂರಿನ ಕಡೆಯಿಂದ ಒಬ್ಬರು ಒಂದು ಟ್ರ್ಯಾಲಿಯಲ್ಲೇ ಹನ್ನೊಂದು ಹೇರಿಕೊಂಡು ಬಂದರು. ಕೆಲವಕ್ಕೆ ತಂತಿ ಇಲಿ ಕಡಿದಿತ್ತು. ಕೆಲವಕ್ಕೆ ಬ್ಯಾಟರಿ ಹೋಗಿತ್ತು, ಅದು ನನ್ನ ಹತ್ತಿರ ಇತ್ತು. ಪೂರ್ತಿ ಸುಟ್ಟವುಗಳ ಬಿಡಿಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದೆವು. ಒಂದು ಮಾತ್ರ ಹೊಲದಲ್ಲಿ ಸೋರಿತು. ಅದನ್ನು ಒಯ್ದವರು ಫೋನು ಮಾಡಿದ ಕೂಡಲೇ ಕಾಕಾ ನನ್ನ ಸ್ಕೂಟರಿನ ಹಿಂದೆ ಕುಳಿತು ಹೊಲಕ್ಕೇ ಬಂದು, ಬದುವಿನ ಮೇಲೆ ಕೂತು ಸರಿಮಾಡಿ, ತಪ್ಪು ತಮ್ಮದೆಂದು ಒಪ್ಪಿಕೊಂಡು, ಅವರ ಮನೆಯ ರೊಟ್ಟಿ ತಿಂದು ಬಂದರು.

ಈ ನಡುವೆ ಒಂದು ಮಧ್ಯಾಹ್ನ ಚೀನಾದ ಆ ಹೆಂಗಸಿನ ಸಂದೇಶ ಬಂತು. ಜೊತೆಗೊಂದು ಫೋಟೋ. ಅದೇ ಕಿಟಕಿ. ಈಗ ಎದುರುಮನೆ, ಅದರ ಹಿಂದೆ ಇನ್ನೊಂದು ಮನೆ, ಅದರಾಚೆ ಗುಡ್ಡದ ಸಾಲು. ಮೇಲೆ ನೀಲಿ ಆಕಾಶ. "ಸಹೋದರಿ, ಇಲ್ಲಿ ಗುಡ್ಡವಿದೆ ಎಂದು ನನ್ನ ಮಗಳಿಗೆ ತಿಳಿದಿರಲಿಲ್ಲ. ಅವಳಿಗೆ ಏಳು ವರ್ಷ. ಚಳಿಗಾಲದಲ್ಲಿ ಕೆಮ್ಮದೆ ಮಲಗುತ್ತಿರುವುದು ಇದೇ ಮೊದಲು. ನನಗೆ ನಾಚಿಕೆಯಾಗುತ್ತದೆ. ನಿಮಗೆ ನಷ್ಟ, ನನಗೆ ಸಂತೋಷ."

ಕಾಕಾನಿಗೆ ಓದಿ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು.

"ನಾಚಿಗಿ ಯಾಕ ಆಕಿಗೆ? ಬಂದ್ ಇರಲಿ ಬಿಡು. ನಮ್ಮ ಮಿಲ್ಲಿಗೂ ಆವಾಗ ಯಾರರ ಬಂದು ಹಿಂಗ ಒಂದು ಕಾಗದಾ ಹಚ್ಚಿದ್ರ..." ಅವರು ಮಾತು ಮುಗಿಸುವ ಮುಂಚೆಯೇ ಕೆಮ್ಮು ಬಂತು.

"ಹಚ್ಚಿದ್ರ ನಿನ್ನ ಕೆಲಸಾ ಹೋಗತಿತ್ತಲ್ಲ ಕಾಕಾ" ಎಂದೆ.

"ಒಂದೆರಡ ತಿಂಗಳ ಹೋಗತಿತ್ತು. ಎದಿ ಉಳೀತಿತ್ತು."

ಕಾಕಾ ತಮ್ಮ ಎದೆಯ ಬಗ್ಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದೆ. ಅವರೇ ಮತ್ತೆ ಅಂದರು, "ಬರಿ ಆಕಿಗೆ. ಮೆಣಸು, ಶುಂಠಿ, ತುಳಸಿ ಕುದಿಸಿ ಬೆಲ್ಲಾ ಹಾಕಿ ಕುಡಸಂತ. ನೀ ಆಕಿಗೆ ಬೈದದ್ದು ತಪ್ಪಾತಂತನೂ ಬರಿ."

ಎರಡನ್ನೂ ಬರೆದೆ. ಬೈದದ್ದಕ್ಕೆ ಕ್ಷಮೆ ಕೇಳುವಾಗ ಪಠ್ಯಪುಸ್ತಕದ ಕನ್ನಡ ಸಾಕಾಗಲಿಲ್ಲ, ಆದರೂ ಫೋನು ಹೇಗೋ ಮುಟ್ಟಿಸಿತು. ಅಲ್ಲಿ ತುಳಸಿ ಸಿಗಲಿಲ್ಲವಂತೆ, ಶುಂಠಿ ಬೆಲ್ಲ ಸಿಕ್ಕಿತಂತೆ. ಮಗಳು ಮೂತಿ ಸೊಟ್ಟ ಮಾಡಿ ಕುಡಿಯುತ್ತಿರುವ ಫೋಟೋ ಬಂತು. ಕಾಕಾ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಹಂಗಾಮಿನಲ್ಲಿ ನಾವು ಮೂವತ್ತಕ್ಕೂ ಹೆಚ್ಚು ಪಂಪು ಎಬ್ಬಿಸಿದೆವು. ಎಲ್ಲರಿಗೂ ಸಾಲಲಿಲ್ಲ. ಎರಡು ಮೂರು ಮನೆಯವರು ಒಂದನ್ನೇ ಸರತಿಯಲ್ಲಿ ಹೊತ್ತರು, ಕೆಲವರು ಕೈಪಂಪನ್ನೇ ಜಗ್ಗಿದರು, ಒಬ್ಬಿಬ್ಬರು ನಮ್ಮ ಮೇಲೆ ಮುನಿಸಿಕೊಂಡು ನರಗುಂದದ ಅಂಗಡಿಗೆ ಹೋದರು. ಅವರನ್ನು ತಪ್ಪೆನ್ನಲಾರೆ. ಬೆಣ್ಣೆಹಳ್ಳದ ಆಚೆಯ ಆ ಹೆಣ್ಣುಮಗಳು ಎರಡು ಸಲ ಎಣ್ಣೆ ಹೊಡೆದಳು. ಕಡಲೆ ಅರ್ಧ ಮಾಗಿದಾಗ ಹಸಿ ಕಾಯಿಯ ಗಿಡಗಳ ಒಂದು ಕಟ್ಟು ತಂದು ಶೆಡ್ಡಿನಲ್ಲಿ ಚೆಲ್ಲಿ, "ತೂತ ಇದ್ದದ್ದು ಸಿಕ್ರ ನನ್ನ ಬೈರಿ" ಎಂದಳು. ಮೂವರೂ ಕೂತು ಸುಲಿದು ತಿಂದೆವು. ತೂತಿನವು ನಾಲ್ಕೈದು ಸಿಕ್ಕವು, ಯಾರೂ ಹೇಳಲಿಲ್ಲ.

ಮೋಟಾರಿನ ಪೆಟ್ಟಿಗೆಗಳು ಬಂದಾಗ ಕಡಲೆ ಕಿತ್ತು, ಒಕ್ಕಿ, ಹೊಲ ಬಯಲಾಗಿತ್ತು. ಅವನ್ನು ಮುಂದಿನ ಮುಂಗಾರಿನ ಹೆಸರು ಬೆಳೆಗೆ ಇಟ್ಟುಕೊಂಡೆವು. ಚೀನಾದ ಭಟ್ಟಿಗಳು ಊರ ಹೊರಗೆ ಹೋದವಂತೆ, ಹೊಗೆ ಸೋಸುವ ಯಂತ್ರ ಹಾಕಿದ ಮೇಲೆಯೇ ಬೀಗ ತೆಗೆದರಂತೆ. ಅವಳ ಕಚೇರಿಯೂ ಅಲ್ಲಿಗೇ ಹೋಗಿ, ಅವಳು ದಿನಕ್ಕೆ ಎರಡು ಬಸ್ಸು ಬದಲಿಸಬೇಕಾಯಿತು. ಈಗ ನಾನು ಬೇಸಿಗೆಯಲ್ಲೇ ಬೇಡಿಕೆ ಕಳಿಸುತ್ತೇನೆ. ತಪಾಸಣೆಯ ಗಾಳಿ ಬೀಸಿದರೆ ಅವಳು ಮೊದಲೇ ತಿಳಿಸುತ್ತಾಳೆ.

ಕಳೆದ ಸಲ ಮಾಲು ಬಂದಾಗ ಪೆಟ್ಟಿಗೆಯೊಳಗೆ ಒಂದು ಚೀಲ ಹೆಚ್ಚಿಗೆ ಇತ್ತು. ಬಿಡಿ ರಬ್ಬರಿನ ಬಿಲ್ಲೆಗಳು, ಇನ್ನೂರು. ಮಾಲೀಕರ ಜೊತೆ ಎರಡು ತಿಂಗಳು ವಾದ ಮಾಡಿ ಒಪ್ಪಿಸಿದೆ ಎಂದು ಬರೆದಿದ್ದಳು. ಕಾಕಾ ಒಂದನ್ನು ಬಾಗಿಸಿ, ಹಿಗ್ಗಿಸಿ, ತಾವು ಕತ್ತರಿಸಿದ್ದರ ಪಕ್ಕದಲ್ಲಿಟ್ಟು ನೋಡಿದರು.

"ನಂದ ಗಟ್ಟಿ ಐತಿ," ಎಂದರು. "ಆದ್ರ ಆಕಿಗೆ ಹೇಳಬ್ಯಾಡ."